ಎಳೆ ಸಣ್ಣಗಾದಾಗ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಯಾವ ಫಿಲೇಚರಿನ ಬಾಗಿಲಲ್ಲಿ ನಿಂತರೂ ಮೊದಲು ಮೂಗಿಗೆ ಬಡಿಯುವುದು ಬೆಂದ ಗೂಡಿನ ವಾಸನೆ. ಆಮೇಲೆ ಹಬೆ. ಹಬೆಯ ಆಚೆ, ಬೇಸಿನ್ನಿನ ಮುಂದೆ ಕೂತ ಹೆಂಗಸಿನ ಕೈ. ಬಿಸಿನೀರಿನಲ್ಲಿ ಏಳೆಂಟು ಗೂಡುಗಳು ಕುಣಿಯುತ್ತಿರುತ್ತವೆ. ಅವುಗಳಿಂದ ಹೊರಟ, ಕಣ್ಣಿಗೆ ಕಂಡೂ ಕಾಣದ ಎಳೆಗಳು ಮೇಲೆ ಹೋಗುತ್ತ ಒಂದಾಗಿ, ನೂಲಾಗಿ, ರಾಟೆಗೆ ಸುತ್ತಿಕೊಳ್ಳುತ್ತವೆ. ಮಿಶ್ರತಳಿಯ ಒಂದು ಗೂಡು ಬಿಚ್ಚಿದರೆ ಅರ್ಧ ಕಿಲೋಮೀಟರಿಗೂ ಮಿಗಿಲಾದ ಎಳೆ. ಒಳ್ಳೆಯ ದ್ವಿತಳಿಯದಾದರೆ ಒಂದು ಕಿಲೋಮೀಟರ್ ದಾಟುತ್ತದೆ. ಆದರೆ ಹುಳು ನೂತದ್ದು ಕೊನೆತನಕ ಒಂದೇ ದಪ್ಪ ಇರುವುದಿಲ್ಲ. ಒಳಪದರಕ್ಕೆ ಹೋದಂತೆ ಎಳೆ ಸಣ್ಣಗಾಗುತ್ತದೆ. ಅದು ಸಣ್ಣಗಾದದ್ದನ್ನು ಆಕೆ ಕಣ್ಣಿನಿಂದ ನೋಡುತ್ತಾರೋ, ಕೈಯಿಂದ ತಿಳಿಯುತ್ತಾರೋ ಹೇಳುವುದು ಕಷ್ಟ. ಪಕ್ಕದವರೊಡನೆ ಮಗಳ ಮದುವೆಯ ಮಾತು ನಡೆದೇ ಇರುತ್ತದೆ; ಕೈ ಮಾತ್ರ ತನ್ನಷ್ಟಕ್ಕೆ ಹೋಗಿ ಹೊಸ ಗೂಡಿನ ತುದಿಯನ್ನು ಓಡುವ ನೂಲಿಗೆ ಸೇರಿಸಿ ಬರುತ್ತದೆ.

ಈಗ ಅದೇ ಊರಿನಲ್ಲಿ ಆಟೋಮ್ಯಾಟಿಕ್ ರೀಲಿಂಗ್ ಯಂತ್ರಗಳೂ ಇವೆ. ಅವುಗಳಲ್ಲಿ ಪ್ರತಿ ನೂಲೂ ಎರಡು ಗಾಜಿನ ಬಿಲ್ಲೆಗಳ ನಡುವಿನ ಕಿರಿದಾದ ಸಂದಿಯಲ್ಲಿ ಹಾದುಹೋಗುತ್ತದೆ. ನೂಲು ಸರಿಯಾದ ದಪ್ಪವಿದ್ದರೆ ಗಾಜಿಗೆ ಉಜ್ಜುತ್ತದೆ. ಸಣ್ಣಗಾದರೆ ಉಜ್ಜುವಿಕೆ ಕಡಿಮೆಯಾಗುತ್ತದೆ, ಸನ್ನೆ ಸರಿಯುತ್ತದೆ, ಹೊಸ ಗೂಡು ತಾನೇ ಬಂದು ಸೇರುತ್ತದೆ. ನಾನೂರು ನೂಲುಗಳನ್ನು ಒಟ್ಟಿಗೆ ತೆಗೆಯುವ ಯಂತ್ರಕ್ಕೂ ಇದೇ ಸೂತ್ರ. ವರ್ಷಗಟ್ಟಲೆ ಸುಟ್ಟುಕೊಂಡು ಕೈ ಕಲಿತದ್ದನ್ನು ಎರಡು ಗಾಜಿನ ಬಿಲ್ಲೆ ಮಾಡಿ ಮುಗಿಸುತ್ತವೆ.

ಇದು ಕೃತಕ ಬುದ್ಧಿಮತ್ತೆಯಲ್ಲ, ಅದಕ್ಕಿಂತ ಎಷ್ಟೋ ಹಳೆಯ ಯಂತ್ರವಿದ್ಯೆ. ಆದರೂ ಎಐ ಇಂದು ಕಚೇರಿ, ಬ್ಯಾಂಕು, ಕಾಲ್ ಸೆಂಟರುಗಳಲ್ಲಿ ಎಬ್ಬಿಸಿರುವ ಪ್ರಶ್ನೆಯ ಬೀಜ ಈ ಗಾಜಿನ ಬಿಲ್ಲೆಯಲ್ಲೇ ಇದೆ. ಬೇಸಿನ್ನಿನ ಮುಂದೆ ಕೂತಾಕೆ ಮಾಡುತ್ತಿದ್ದ ಕೆಲಸ ಯಾವುದು? ಗೂಡು ಸೇರಿಸುವುದಷ್ಟೇ ಆಗಿದ್ದರೆ ಅದನ್ನು ಯಂತ್ರ ಮಾಡಿತು, ಮಾತು ಮುಗಿಯಿತು. ಕೆಲಸವೆಂದರೆ ಅದಕ್ಕಿಂತ ಹೆಚ್ಚಿನದು ಎಂದು ನಮ್ಮ ಧರ್ಮಗಳು, ದರ್ಶನಗಳು ಹೇಳುತ್ತ ಬಂದಿರುವುದು ನಿಜವೇ ಆಗಿದ್ದರೆ, ಆ ಹೆಚ್ಚಿನದು ಈಗ ಎಲ್ಲಿಗೆ ಹೋಯಿತು?

ಇದನ್ನು ಕೇಳಲು ಕಳವಾರದ ಸುತ್ತಿನ ಸೀಮೆಗಿಂತ ತಕ್ಕ ಜಾಗ ಸಿಗುವುದು ಅಪರೂಪ. ಹೊರಗಿನವರು ಸ್ಕಂದಗಿರಿ ಎನ್ನುವ ಕಳವಾರ ಬೆಟ್ಟದ ಬುಡದಲ್ಲಿ ಪಾಪಾಗ್ನಿ ಮಠ. ನೆತ್ತಿಯಲ್ಲಿ ಹಾಳು ಕೋಟೆ. ವಾರದ ಕೊನೆಗೆ ಈ ಬೆಟ್ಟ ಹತ್ತುವವರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳೇ ಬಹಳ. ಬೆಟ್ಟದ ಆಸುಪಾಸಿನಲ್ಲಿ, ಒಂದೇ ಜಿಲ್ಲೆಯೊಳಗೆ, ದುಡಿಮೆಯನ್ನೇ ಬದುಕಾಗಿಸಿಕೊಂಡ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇದೆ. ಪವಾಡವನ್ನು ಪ್ರಶ್ನಿಸಿದ ಎಚ್. ನರಸಿಂಹಯ್ಯನವರ ಹೊಸೂರು ಇದೆ. ಬಳೆ ಮಾರುತ್ತಿದ್ದವರು ಯೋಗಿಯಾದ ಕೈವಾರವಿದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಂತೂ ಇದ್ದೇ ಇದೆ.

ಬೆಂಗಳೂರಿನ ಸುದ್ದಿ ಇಲ್ಲಿಗೆ ಬರಲು ಒಂದೂವರೆ ಗಂಟೆ ಸಾಕು. 2023ರ ಜುಲೈಯಲ್ಲಿ ಬೆಂಗಳೂರಿನ ದುಕಾನ್ ಎಂಬ ಕಂಪನಿಯ ಮುಖ್ಯಸ್ಥರು, ಗ್ರಾಹಕರಿಗೆ ಉತ್ತರಿಸುತ್ತಿದ್ದ ಸಿಬ್ಬಂದಿಯಲ್ಲಿ ಶೇ 90ರಷ್ಟು ಜನರನ್ನು ತೆಗೆದು ಚಾಟ್‌ಬಾಟ್ ಕೂರಿಸಿದ್ದಾಗಿ ತಾವೇ ಪ್ರಕಟಿಸಿದರು. ದೂರು ಬಗೆಹರಿಯಲು 2 ಗಂಟೆ 13 ನಿಮಿಷ ಹಿಡಿಯುತ್ತಿದ್ದದ್ದು 3 ನಿಮಿಷ 12 ಸೆಕೆಂಡಿಗೆ ಇಳಿಯಿತು, ಖರ್ಚು ಶೇ 85ರಷ್ಟು ತಗ್ಗಿತು ಎಂಬುದು ಅವರ ಲೆಕ್ಕ. ಎರಡು ವರ್ಷದ ಬಳಿಕ, 2025ರ ಜುಲೈಯಲ್ಲಿ, ಟಿಸಿಎಸ್ ತನ್ನ ನೌಕರರಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯಮ ಮತ್ತು ಮೇಲಿನ ಹುದ್ದೆಯವರು. ಇದಕ್ಕೆ ಎಐ ಕಾರಣವಲ್ಲ, ಕೌಶಲ ಹುದ್ದೆಗೆ ಹೊಂದದಿರುವುದು ಕಾರಣ ಎಂದು ಕಂಪನಿಯ ಮುಖ್ಯಸ್ಥರು ವಿವರಿಸಿದರು. ಕಾರಣ ಯಾವುದೇ ಇರಲಿ, ಹೊಲ ಮಾರಿ ಮಗನನ್ನು ಎಂಜಿನಿಯರಿಂಗ್ ಓದಿಸಿದ ಚಿಂತಾಮಣಿಯ ಅಪ್ಪನಿಗೆ ಆ ಸುದ್ದಿ ಓದಿದ ರಾತ್ರಿ ನಿದ್ದೆ ಬಂದಿರಲಾರದು.

ಕೆಲಸದ ಬಗ್ಗೆ ಕನ್ನಡಕ್ಕೆ ತನ್ನದೇ ಆದ ಒಂದು ದೊಡ್ಡ ಮಾತಿದೆ: ಕಾಯಕ. ಹನ್ನೆರಡನೆಯ ಶತಮಾನದ ಶರಣರು ಆ ಮಾತಿಗೆ ಕೊಟ್ಟ ತೂಕವನ್ನು ಇಂದಿನ ಕಚೇರಿಯ ಗೋಡೆಬರಹಗಳು ಬಹಳ ಹಗುರ ಮಾಡಿಬಿಟ್ಟಿವೆ. ಕಾಯಕವೆಂದರೆ ಬರೀ ಕಷ್ಟಪಟ್ಟು ದುಡಿಯುವುದು ಎಂದು ತಿಳಿದವರೇ ಹೆಚ್ಚು. ಶರಣರಿಗೆ ಅದು ಕಾಯದಿಂದ, ಅಂದರೆ ಈ ಮೈಯಿಂದ ಮಾಡುವ ಪೂಜೆ. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ ಇನ್ನೂ ಮುಂದೆ ಹೋಗಿ, ಗುರುವಾದರೂ ಲಿಂಗವಾದರೂ ಜಂಗಮವಾದರೂ ಕಾಯಕದಿಂದ ವಿನಾಯಿತಿಯಿಲ್ಲ ಎಂದು ಹಟ ಹಿಡಿದವರು.

ಇಲ್ಲಿ ಒಂದು ಸುಲಭದ ಉತ್ತರ ಕೈಗೆ ಸಿಗುತ್ತದೆ. ಯಂತ್ರಕ್ಕೆ ಕಾಯವಿಲ್ಲ, ಆದ್ದರಿಂದ ಅದು ಮಾಡುವುದು ಕಾಯಕವಲ್ಲ. ಉಪನ್ಯಾಸಗಳಲ್ಲಿ ಈ ಮಾತಿಗೆ ಚಪ್ಪಾಳೆ ಬೀಳುತ್ತದೆ. ಆದರೆ ಫಿಲೇಚರಿನಲ್ಲಿ ಅದು ನಿಲ್ಲುವುದಿಲ್ಲ. ಬಿಸಿನೀರಿನಲ್ಲಿ ಬೆಂದು, ಚರ್ಮ ಸುಲಿದು, ಬೆರಳ ಸಂದಿಯಲ್ಲಿ ಹುಣ್ಣಾದ ಕೈಗಳನ್ನು ಕಂಡವರು ಆ ಕಷ್ಟ ಉಳಿಯಲಿ ಎಂದು ಬಯಸಲಾರರು. ನೋವೇ ಪೂಜೆಯಾಗಿದ್ದರೆ ಸುಟ್ಟ ಕೈಗಳಿಗಿಂತ ದೊಡ್ಡ ದೇವಾಲಯ ಬೇರೆ ಇರಲಿಲ್ಲ. ಯಂತ್ರ ಆ ಕೈಗಳನ್ನು ನೀರಿನಿಂದ ಹೊರಗೆ ತೆಗೆದರೆ ಅದನ್ನು ಒಳ್ಳೆಯದೆಂದೇ ಒಪ್ಪಬೇಕು.

ಗೀತೆಯ ಕಡೆಯಿಂದ ಬಂದರೆ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಫಲದ ಮೇಲೆ ಆಸೆಯಿಡದೆ ಕರ್ಮ ಮಾಡಬೇಕೆಂದು ಕೃಷ್ಣ ಅರ್ಜುನನಿಗೆ ಹೇಳುತ್ತಾನೆ. ಚಾಟ್‌ಬಾಟ್ ಮಾಡುತ್ತಿರುವುದು ಅದೇ ಅಲ್ಲವೇ? ಅದಕ್ಕೆ ಬಡ್ತಿ ಬೇಡ, ಹೊಗಳಿಕೆ ಬೇಡ, ನಡುರಾತ್ರಿ ಬಯ್ದರೂ ಬೇಸರವಿಲ್ಲ. ಹಾಗಾದರೆ ಮನುಷ್ಯ ಸಾವಿರ ವರ್ಷ ಸಾಧನೆ ಮಾಡಿ ಮುಟ್ಟಬೇಕಾದ ಸ್ಥಿತಿಯನ್ನು ಯಂತ್ರ ಹುಟ್ಟುತ್ತಲೇ ಮುಟ್ಟಿತೇ? ಇಲ್ಲ. ಅರ್ಜುನ ಬಿಡಬೇಕಾಗಿದ್ದದ್ದು ಅವನ ಬಳಿ ಇದ್ದದ್ದನ್ನು: ಬಂಧುಗಳ ಮೇಲಿನ ಮೋಹ, ಗೆಲುವಿನ ಆಸೆ, ಸೋಲಿನ ಭಯ. ಹಸಿವಿಲ್ಲದವನು ಊಟ ಬಿಟ್ಟರೆ ಅದಕ್ಕೆ ಉಪವಾಸವೆನ್ನುವುದಿಲ್ಲ. ತಪ್ಪು ಮಾಡಿದರೆ ತಾನು ಕೆಡುತ್ತೇನೆ ಎಂಬ ಅರಿವಿದ್ದೂ ಕೈ ನಡುಗದೆ ಕೆಲಸ ಮಾಡುವುದರಲ್ಲಿ ನಿಷ್ಕಾಮ ಕರ್ಮದ ಬೆಲೆಯಿದೆ. ಯಂತ್ರಕ್ಕೆ ಕೆಡಲು ಏನೂ ಇಲ್ಲ.

ಕೆಲಸದೊಳಗಿನ ಆ 'ಹೆಚ್ಚಿನದು' ಇಲ್ಲಿ ಕಣ್ಣಿಗೆ ಬೀಳುತ್ತದೆ. ಅದಕ್ಕೆ ನಮ್ಮ ಆಡುಮಾತಿನಲ್ಲಿ ಹೊಣೆ ಎಂಬ ಹೆಸರಿದೆ. ನೂಲು ಕಡಿದರೆ ಕೇಳುತ್ತಿದ್ದದ್ದು ಬೇಸಿನ್ನಿನ ಮುಂದೆ ಕೂತವರನ್ನು, ಕೇಳಿಸಿಕೊಳ್ಳಲು ಒಬ್ಬರಿದ್ದರು. ಯಂತ್ರ ಮಾಡುವಿಕೆಯನ್ನು ತೆಗೆದುಕೊಳ್ಳಬಲ್ಲದು, ಹೊಣೆಯನ್ನಲ್ಲ. ಎಐ ಬಂದ ಸಂಸ್ಥೆಗಳಲ್ಲಿ ಆಗುತ್ತಿರುವ ದೊಡ್ಡ ಅನಾಹುತವೆಂದರೆ ಮಾಡುವಿಕೆಯ ಜೊತೆಗೆ ಹೊಣೆಯನ್ನೂ ಅದರ ತಲೆಗೆ ಕಟ್ಟುವುದು.

ಇದು ಊಹೆಯ ಮಾತಲ್ಲ. ಅಜ್ಜಿ ತೀರಿಕೊಂಡ ದುಃಖದಲ್ಲಿ ಟಿಕೆಟ್ ಕೊಳ್ಳುತ್ತಿದ್ದ ಪ್ರಯಾಣಿಕರೊಬ್ಬರಿಗೆ ಏರ್ ಕೆನಡಾದ ಚಾಟ್‌ಬಾಟ್, ರಿಯಾಯಿತಿಗೆ ಆಮೇಲೂ ಅರ್ಜಿ ಹಾಕಬಹುದೆಂದು ತಪ್ಪು ಹೇಳಿತು. ಅವರು ಹಣ ಕೇಳಿದಾಗ ಕಂಪನಿ ಒಪ್ಪಲಿಲ್ಲ. ವ್ಯಾಜ್ಯದಲ್ಲಿ ಅದರ ವಾದ ಹೀಗಿತ್ತು: ಚಾಟ್‌ಬಾಟ್ ಒಂದು ಪ್ರತ್ಯೇಕ ಘಟಕ, ತನ್ನ ನಡೆಗೆ ಅದೇ ಜವಾಬ್ದಾರಿ. 2024ರ ಫೆಬ್ರುವರಿಯಲ್ಲಿ ಕೆನಡಾದ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ, ಸುಮಾರು 812 ಕೆನಡಾ ಡಾಲರ್ ಕೊಡುವಂತೆ ಹೇಳಿತು. ಮೊತ್ತ ಸಣ್ಣದು. ಆದರೆ ಸಾವಿರಾರು ನೌಕರರ, ನೂರಾರು ವಿಮಾನಗಳ ಒಂದು ಸಂಸ್ಥೆ, ತನ್ನ ಬಾಗಿಲಲ್ಲಿ ತಾನೇ ನಿಲ್ಲಿಸಿದ ಬೊಂಬೆಯನ್ನು ತೋರಿಸಿ 'ತಪ್ಪು ಅದರದು' ಎನ್ನುವಷ್ಟು ದೂರ ಹೋಯಿತಲ್ಲ, ಅದು ಸಣ್ಣದಲ್ಲ.

ಇಂಥದ್ದು ಬೆಂಗಳೂರಿನಲ್ಲೂ ನಡೆದಿದೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರಿನಲ್ಲಿ ಕೊಟ್ಟ ಒಂದು ಆದೇಶದಲ್ಲಿ, ಎಂದೂ ಬಂದೇ ಇಲ್ಲದ ತೀರ್ಪುಗಳು ಉಲ್ಲೇಖವಾಗಿದ್ದವು. ಪೀಠ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ಎಐ ಉಪಕರಣದಿಂದ ಬಂದದ್ದನ್ನು ಯಾರೂ ತಿರುವಿ ನೋಡದೆ ಒಪ್ಪಿಕೊಂಡಿರಬೇಕೆಂದು ವಕೀಲರ ವಲಯದಲ್ಲಿ ವ್ಯಾಪಕ ಚರ್ಚೆಯಾಯಿತು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರ ನೆನಪು ಇಂಥ ಕಡೆ ತಾನಾಗಿ ಬರುತ್ತದೆ. ಓದಿಗಾಗಿ ಬೆಂಗಳೂರಿಗೆ ನಡೆದೇ ಬಂದ ಹುಡುಗ, ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದ ಡಾಕ್ಟರೇಟ್ ತಂದು, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು ಸವೆಸಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಅವರು ಸಮಿತಿ ರಚಿಸಿದರು. ಭಕ್ತರಿಗೆ ಸಿಟ್ಟು ಬಂತು. ನರಸಿಂಹಯ್ಯನವರ ಮನವಿ ಮಾತ್ರ ಬಹಳ ಸರಳವಾದದ್ದು: ಕಣ್ಣೆದುರು ಬೂದಿ ಉದುರಿದರೆ ಅದು ಎಲ್ಲಿಂದ ಬಂತೆಂದು ಕೇಳಲು ಬಿಡಿ. ಇಂದು ಪರದೆಯ ಮೇಲೆ ಉದುರುವ ಉತ್ತರವೂ ಪವಾಡದಂತೆಯೇ ಕಾಣುತ್ತದೆ, ಗಾಳಿಯಿಂದ ಬಂದಂತೆ. ಸಾಲದ ಅರ್ಜಿ ತಿರಸ್ಕಾರವಾದಾಗ 'ಸಿಸ್ಟಂ ಒಪ್ಪುತ್ತಿಲ್ಲ ಸಾರ್' ಎನ್ನುವ ಗುಮಾಸ್ತರ ದನಿಯಲ್ಲಿ, ದೇವರು ಅಪ್ಪಣೆ ಕೊಡಲಿಲ್ಲ ಎನ್ನುವ ಪೂಜಾರಿಯ ದನಿಯೇ ಕೇಳುತ್ತದೆ. ಎಲ್ಲಿಂದ ಬಂತು ಎಂದು ಕೇಳುವ ಹಕ್ಕನ್ನು ಹೊಸೂರಿನ ಮೇಷ್ಟರು ಬಿಟ್ಟುಕೊಟ್ಟಿರಲಿಲ್ಲ.

ಯಂತ್ರವನ್ನು ನಂಬಿಯೂ ಹೊಣೆ ಬಿಡದವರ ಉದಾಹರಣೆ ಬೇಕಿದ್ದರೆ ಮುದ್ದೇನಹಳ್ಳಿಗೆ ಹೋಗಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಟ್ಟವು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಬೇಕು, ಪ್ರವಾಹ ಬಂದರೆ ಕಟ್ಟೆಗೆ ಅಪಾಯವಾಗದೆ ಬಿಡಬೇಕು. ನೀರು ಗೊತ್ತಾದ ಮಟ್ಟ ಮೀರಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ನಡುರಾತ್ರಿ ಮಳೆಯಲ್ಲಿ ಓಡಿಬಂದು ಯಾರೂ ಚಕ್ರ ತಿರುಗಿಸಬೇಕಾಗಿಲ್ಲ. ನಿರ್ಧಾರವನ್ನು ಯಂತ್ರಕ್ಕೆ ಒಪ್ಪಿಸಿದ ಕೆಲಸವೇ ಇದು. ಆದರೆ ಯಾವ ಮಟ್ಟದಲ್ಲಿ ತೆರೆಯಬೇಕೆಂಬ ಲೆಕ್ಕ ಕಾಗದದ ಮೇಲಿತ್ತು, ಕೆಳಗೆ ಒಂದು ಸಹಿ ಇತ್ತು. ಗೇಟು ತೆರೆಯದೆ ಊರು ಮುಳುಗಿದ್ದರೆ ಯಾರನ್ನು ಕೇಳಬೇಕೆಂಬುದರಲ್ಲಿ ಅನುಮಾನವಿರಲಿಲ್ಲ. ಇಂದಿನ ಎಷ್ಟೋ ಎಐ ವ್ಯವಸ್ಥೆಗಳಲ್ಲಿ ಕಳೆದುಹೋಗಿರುವುದು ಆ ಸಹಿ.

ಹೊಣೆಯದು ಒಂದು ಅರ್ಧ. ಇನ್ನರ್ಧ ಹಂಚಿಕೆಯದು, ಅದರ ಮಾತು ಕಾರ್ಪೊರೇಟ್ ಸಭೆಗಳಲ್ಲಿ ತೀರ ಅಪರೂಪ. ಶರಣರಲ್ಲಿ ಕಾಯಕಕ್ಕೆ ಜೋಡಿಯಾಗಿ ದಾಸೋಹವಿದೆ. ಒಂದನ್ನು ಬಿಟ್ಟು ಒಂದು ನಿಲ್ಲದು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ಕಥೆ ಇಂದಿನ ಉತ್ಪಾದಕತೆಯ ಚರ್ಚೆಗೆಂದೇ ಹುಟ್ಟಿದಂತಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮರಿಗೆ ಉಣಬಡಿಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತಾಗ, ಕಾಯಕ ನಿಂತಿದೆ ಎಂದು ಎಬ್ಬಿಸಿ ಕಳಿಸಿದವರು ಲಕ್ಕಮ್ಮ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಹೊತ್ತು ತಂದಾಗ, ಇದು ನಮಗೆ ಸಲ್ಲದು, ತಂದಲ್ಲೇ ಸುರಿದು ಬನ್ನಿ ಎಂದು ಬಾಗಿಲಲ್ಲೇ ತಡೆದವರೂ ಅವರೇ. ಕೆಲಸ ಬಿಟ್ಟಾಗ ಎಷ್ಟು ನಿಷ್ಠುರವೋ ಹೆಚ್ಚು ಬಂದಾಗಲೂ ಅಷ್ಟೇ ನಿಷ್ಠುರ. ಆ ಹೆಚ್ಚಿನ ಅಕ್ಕಿ ಯಾರದೆಂದು ಲಕ್ಕಮ್ಮನವರಿಗೆ ಗೊತ್ತಿತ್ತು.

ದೂರು ಬಗೆಹರಿಸುವ ಹೊತ್ತು ಎರಡು ಗಂಟೆಯಿಂದ ಮೂರು ನಿಮಿಷಕ್ಕೆ ಇಳಿದಾಗ ಉಳಿದ ಹೊತ್ತೂ ಹೀಗೆ ಹೆಚ್ಚಾಗಿ ಬಂದ ಅಕ್ಕಿಯೇ. ಅದು ಯಾರಿಗೆ ಸೇರಬೇಕು? ವರ್ಷಗಟ್ಟಲೆ ಗ್ರಾಹಕರಿಗೆ ಉತ್ತರ ಬರೆದು, ಆ ಉತ್ತರಗಳಿಂದಲೇ ಯಂತ್ರ ಪಾಠ ಕಲಿಯುವಂತೆ ಮಾಡಿದವರಿಗೆ ಅದರಲ್ಲಿ ಪಾಲಿಲ್ಲವೇ? ಎಐ ತಾನಾಗಿ ಜಾಣವಾದದ್ದಲ್ಲ. ಮನುಷ್ಯರು ಬರೆದದ್ದನ್ನು, ಆಡಿದ್ದನ್ನು, ಗುರುತು ಹಾಕಿಕೊಟ್ಟದ್ದನ್ನು ಉಂಡು ಬೆಳೆದದ್ದು. ಮಾಡುವವರ ಹೆಸರಿಲ್ಲದ ಈ ದುಡಿಮೆಗೆ ಬೆಲೆ ಕಟ್ಟುವ ಪ್ರಯತ್ನವೂ ಕರ್ನಾಟಕದಲ್ಲೇ ನಡೆದಿದೆ. ಬೆಂಗಳೂರಿನ ಕಾರ್ಯ ಎಂಬ ಲಾಭರಹಿತ ಸಂಸ್ಥೆ ಹಳ್ಳಿಗಳಲ್ಲಿ ಜನರಿಂದ ಕನ್ನಡದ ವಾಕ್ಯಗಳನ್ನು ಮೊಬೈಲಿನಲ್ಲಿ ಓದಿಸಿ, ಆ ದನಿಗಳನ್ನು ಎಐ ತರಬೇತಿಗೆ ಒದಗಿಸುತ್ತದೆ. 2023ರ ವರದಿಗಳ ಪ್ರಕಾರ ಗಂಟೆಗೆ ಕನಿಷ್ಠ 5 ಡಾಲರ್ ಸಂಭಾವನೆ. ಅದೇ ದನಿ ಮತ್ತೊಬ್ಬರಿಗೆ ಮಾರಾಟವಾದರೆ ಓದಿದವರಿಗೆ ಮತ್ತೆ ಪಾಲು. ಈ ದೊಡ್ಡ ಮಾರುಕಟ್ಟೆಯಲ್ಲಿ ಇದೊಂದು ಸಣ್ಣ ಹಣತೆ. ಆದರೂ ಹಂಚಿಕೆ ಆಗದ ಮಾತಲ್ಲ ಎಂಬುದಕ್ಕೆ ಸಾಕ್ಷಿ. ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ಮುಹಮ್ಮದರ ಮಾತು ಶಿಡ್ಲಘಟ್ಟದ ಎಷ್ಟೋ ರೀಲರುಗಳ ಮನೆಯಲ್ಲಿ ಮಕ್ಕಳಿಗೂ ಗೊತ್ತು. ಬೆವರೇ ಕಾಣದ ಕೆಲಸಕ್ಕೆ ಆ ಮಾತನ್ನು ಹೇಗೆ ಅನ್ವಯಿಸುವುದೆಂದು ಮೌಲ್ವಿಗಳೂ ಮಠಾಧೀಶರೂ ಒಟ್ಟಿಗೆ ಕೂತು ಯೋಚಿಸುವ ಕಾಲ ಬಂದಿದೆ.

ಇಷ್ಟಾದರೂ ಕೆಲಸವೇ ಮನುಷ್ಯನ ಸರ್ವಸ್ವವೇ ಎಂಬ ಪ್ರಶ್ನೆ ಉಳಿಯುತ್ತದೆ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಅದಕ್ಕೆ ಬೇರೆಯದೇ ಉತ್ತರವಿದೆ. ಪರಂಪರೆಯ ಪ್ರಕಾರ 1726ರಲ್ಲಿ ಹುಟ್ಟಿ 110 ವರ್ಷ ಬದುಕಿದ ನಾರಾಯಣಪ್ಪ, ಜನರ ಬಾಯಲ್ಲಿ ಕೈವಾರ ತಾತಯ್ಯ, ಊರೂರು ತಿರುಗಿ ಬಳೆ ಮಾರುತ್ತಿದ್ದವರು. ಬಳೆ ತೊಡಿಸುವುದೂ ಕೈಯ ವಿದ್ಯೆಯೇ: ಎದುರಿನವರ ಕೈ ಹಿಡಿದು, ಗೆಣ್ಣು ಒತ್ತಿ, ಗಾಜು ಒಡೆಯದಂತೆ, ಕೈಗೆ ನೋವಾಗದಂತೆ ಏರಿಸಬೇಕು. ಆ ವ್ಯಾಪಾರವನ್ನು ತಾತಯ್ಯ ಬಿಟ್ಟರು. ಪರದೇಶಿ ಸ್ವಾಮಿ ಎಂಬ ಗುರು ಕೊಟ್ಟ ಬೆಣಚುಕಲ್ಲನ್ನು ನಾಲಿಗೆಯ ಮೇಲಿಟ್ಟುಕೊಂಡು ಗವಿಯಲ್ಲಿ ಜಪಕ್ಕೆ ಕೂತರು. ಕಲ್ಲು ಕಲ್ಲುಸಕ್ಕರೆಯಾಯಿತು ಎನ್ನುತ್ತದೆ ಕಥೆ. ತೆಲುಗು, ಕನ್ನಡ ಎರಡರಲ್ಲೂ ಹಾಡಿದರು, ಕಾಲಜ್ಞಾನ ನುಡಿದರು. ಬಳೆಗಾರರಾಗಿ ಅಲ್ಲ, ಬಳೆಗಾರಿಕೆ ಬಿಟ್ಟವರಾಗಿಯೇ ಈ ಸೀಮೆ ಅವರನ್ನು ಪೂಜಿಸುತ್ತದೆ.

ಕೆಲಸ ಹೋದರೆ ಹೋಗಲಿ, ಮನುಷ್ಯ ಇನ್ನೂ ದೊಡ್ಡದಕ್ಕೆ ಬಿಡುವಾದ ಎಂದು ಈ ಕಥೆಯಿಂದ ಹೇಳುವವರಿದ್ದಾರೆ. ಎಐ ಕಂಪನಿಗಳ ಭವಿಷ್ಯವಾಣಿಯೂ ಇದೇ ಧಾಟಿಯದು: ದುಡಿಮೆಯ ಹೊರೆ ಇಳಿಯುತ್ತದೆ, ಜನ ತಮಗೆ ಬೇಕಾದದ್ದು ಮಾಡಿಕೊಂಡಿರಬಹುದು. ಆದರೆ ತಾತಯ್ಯ ಕಸುಬನ್ನು ಬಿಟ್ಟರು. ಕಸುಬು ಅವರನ್ನು ಬಿಡಲಿಲ್ಲ. ಈ ಎರಡರ ನಡುವೆ ಆಕಾಶ ಭೂಮಿಯ ಅಂತರ. ಬಳೆಯ ಮಲಾರ ಇಳಿಸಿ ಗವಿಗೆ ನಡೆದವನ ಬಡತನ ಅವನೇ ಆರಿಸಿಕೊಂಡದ್ದು. ಒಂದು ಮುಂಜಾನೆ ಇಮೇಲಿನಲ್ಲಿ ಕೆಲಸ ಕಳೆದುಕೊಂಡವರ ಮುಂದೆ ಗವಿಯಿಲ್ಲ, ಗುರುವಿಲ್ಲ, ಮನೆ ಸಾಲದ ಕಂತು ಮಾತ್ರ ಇದೆ. ತ್ಯಾಗವನ್ನು ಬೇರೆಯವರ ಮೇಲೆ ಹೇರಲು ಯಾವ ಧರ್ಮವೂ ಒಪ್ಪಿಗೆ ಕೊಟ್ಟಿಲ್ಲ. ಹಾಗೆ ಹೇರಿದ ಮೇಲೆ ಅದು ತ್ಯಾಗವಾಗಿ ಉಳಿಯುವುದೂ ಇಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹಿಂದೆ ಹರಾಜೆಂದರೆ ಕೂಗಾಟ. ಈಗ ಇ-ಹರಾಜು: ರೀಲರುಗಳು ಲಾಟುಗಳ ನಡುವೆ ನಡೆದು ಗೂಡು ನೋಡಿ, ಮೊಬೈಲಿನಲ್ಲಿ ಬೆಲೆ ಹಾಕುತ್ತಾರೆ, ಮೇಲಿನ ಬೆಲೆಯನ್ನು ಕಂಪ್ಯೂಟರ್ ಆರಿಸುತ್ತದೆ. ಗುಂಪು ಕಟ್ಟಿ ಬೆಲೆ ಇಳಿಸುವ ಹಳೆಯ ಆಟಕ್ಕೆ ಇದರಿಂದ ಕಡಿವಾಣ ಬಿತ್ತು ಎನ್ನುವ ರೈತರಿದ್ದಾರೆ, ಅದು ಸಣ್ಣ ಲಾಭವಲ್ಲ. ಆದರೆ ವ್ಯವಸ್ಥೆ ಕಟ್ಟಿದವರು ಒಂದು ಕಿಂಡಿಯನ್ನು ತೆರೆದೇ ಇಟ್ಟಿದ್ದಾರೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಬಹುದು.

ಹುಳು ಪೊರೆ ಕಳಚುವ ನಾಲ್ಕು ಜ್ವರ ಎಬ್ಬಿಸಿ, ರಾತ್ರಿಯೆಲ್ಲ ಸೊಪ್ಪು ಹಾಕಿ, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ತಂದವರು ಬೆಲೆ ಬಂದ ಹೊತ್ತಿನಲ್ಲಿ ತಮ್ಮ ಲಾಟಿನ ಪಕ್ಕ ನಿಂತಿರುತ್ತಾರೆ. ಅಂಕಿಯನ್ನು ಒಮ್ಮೆ ನೋಡುತ್ತಾರೆ. ರಾಶಿಯಿಂದ ಒಂದು ಗೂಡು ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಒಳಗೆ ಕೋಶ ಗಟ್ಟಿಯಾಗಿದ್ದರೆ ಟಕ್ ಟಕ್ ಎನ್ನುತ್ತದೆ. ಗೂಡನ್ನು ರಾಶಿಗೆ ಹಾಕಿ, ಪಕ್ಕದ ಲಾಟಿನವರನ್ನು ಕೇಳುತ್ತಾರೆ: 'ನಿಂಗೆಷ್ಟು ಬಂತಣ್ಣ?'